ಕಲಿಸದ ಚಿತ್ರಕಲೆಗೆ ‘ಎ’ ಗ್ರೇಡ್ ಯಾಕೆ?

ಮಾನ್ಯ ಸಂಪಾದಕರೇ,

ಮಗಳ ಪ್ರಗತಿಪತ್ರಕ್ಕೆ ಸಹಿ ಹಾಕುವಾಗ ಚಿತ್ರಕಲೆಯ ಮುಂದೆ ‘ಎ’ ಗ್ರೇಡ್ ಕಂಡಿತು. ಖುಷಿಯಾಗಿ, ಏನು ಬಿಡಿಸಿದ್ದೆ ಎಂದು ಕೇಳಿದೆ. ‘ಏನೂ ಇಲ್ಲಪ್ಪ, ಆ ಪಿರಿಯಡ್ಡಿನ್ಯಾಗ ಗಣಿತ ಮಾಡ್ತಾರ’ ಅಂದಳು. ಅವಳು ಓದುವುದು ಕೊಪ್ಪಳ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ, ಒಂಬತ್ತನೇ ತರಗತಿ. ನಾನು ಓದಿದ್ದೂ ಅಲ್ಲೇ. ಡ್ರಾಯಿಂಗ್ ಮಾಸ್ತರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ. ಉಳಿದ ಶಿಕ್ಷಕರನ್ನು ನಾನು ದೂರುವುದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ ಅವರ ಮೇಲೆ ಜಾಸ್ತಿ ಇದೆ. ಆದರೆ ಹೇಳಿಕೊಡದ ವಿಷಯಕ್ಕೆ ಗ್ರೇಡ್ ಹಾಕುವುದು ಮಕ್ಕಳಿಗೆ ಮಾಡುವ ಮೋಸ ಅಲ್ವಾ?

ನಾನು ಬೋರ್ಡ್ ಬರೆಯುವವನು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಮ್ಮಿಯಾಗಿದೆ. ಆದರೂ ಲಾರಿ, ಟ್ರ್ಯಾಕ್ಟರ್, ಶಾಲೆಗಳ ಗೋಡೆ ಎಂದು ಮನೆ ನಡೆಯುತ್ತಿದೆ. ಇದೆಲ್ಲ ಆ ಶಾಲೆಯ ಡ್ರಾಯಿಂಗ್ ಕೋಣೆ ಕೊಟ್ಟ ಅನ್ನ. ಚಿತ್ರಕಲೆಯ ಲೋಯರ್ ಗ್ರೇಡ್ ಪರೀಕ್ಷೆ ಹತ್ತಿರ ಬಂದಾಗ ಮಾಸ್ತರು ಸಂಜೆ ನಮ್ಮನ್ನು ಉಳಿಸಿಕೊಳ್ಳುತ್ತಿದ್ದರು. ಕಿಟಕಿ ಪಕ್ಕ ಸ್ಟೂಲ್ ಇಟ್ಟು, ಅದರ ಮೇಲೊಂದು ಹಿತ್ತಾಳೆ ಚೊಂಬು, ಎರಡು ಬದನೆಕಾಯಿ. ‘ಬೆಳಕು ಎಲ್ಲಿಂದ ಬರ್ತೈತಿ ಅದನ್ನ ಮೊದ್ಲು ನೋಡ್ರಿ, ಆಮ್ಯಾಲ ಪೆನ್ಸಿಲ್ ಹಿಡೀರಿ’ ಅನ್ನುತ್ತಿದ್ದರು. ನೆರಳಿನ ಬದಿಯನ್ನು ನಾವು ಸುಮ್ನೆ ಕಪ್ಪು ತುಂಬಿದರೆ ಚೊಂಬು ತಗಡಿನ ಹಾಗೆ ಚಪ್ಪಟೆ ಕಾಣುತ್ತಿತ್ತು. ನೆರಳಿನ ಕೊನೆಯಂಚಿಗೆ ಒಂದು ತೆಳು ಬೆಳಕಿನ ಗೆರೆ ಇರುತ್ತದೆ. ಸ್ಟೂಲ್ ಮೇಲೆ ಹಾಸಿದ ಬಿಳಿ ಬಟ್ಟೆಯಿಂದ ಮರಳಿ ಬಂದ ಬೆಳಕು ಅದು. ಆ ಗೆರೆಯಷ್ಟು ಜಾಗವನ್ನು ಬಿಟ್ಟರೆ ಸಾಕು, ಚೊಂಬು ಗುಂಡಗಾಗುತ್ತದೆ. ಇವತ್ತಿಗೂ ಅಕ್ಷರಕ್ಕೆ ನೆರಳು ಕೊಡುವಾಗ ನನ್ನ ಕೈ ಅದೇ ಲೆಕ್ಕ ಹಿಡಿಯುತ್ತದೆ.

ಆ ಕೋಣೆಯಲ್ಲಿ ಒಂದು ತಗಡಿನ ಟ್ರಂಕ್ ಇತ್ತು. ವರ್ಷಕ್ಕೊಂದು ಕಟ್ಟು ಮಾಡಿ ಮಕ್ಕಳ ಚಿತ್ರಗಳನ್ನು ಮಾಸ್ತರು ಅದರಲ್ಲಿ ಇಡುತ್ತಿದ್ದರು. ಚೆಂದದ್ದು ಮಾತ್ರವಲ್ಲ, ಎಲ್ಲರದ್ದೂ. ಸಾಕ್ಷರತಾ ಆಂದೋಲನದ ಪೋಸ್ಟರುಗಳು, ಪೋಲಿಯೊ ಹನಿ ಹಾಕಿಸಿಕೊಳ್ಳುವ ಕೂಸುಗಳು. 1997ರಲ್ಲಿ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದಾಗ ಬಿಡಿಸಿದ ನಕಾಶೆಗಳು. ಕಾರ್ಗಿಲ್ ಯುದ್ಧದ ವರ್ಷ ಬರೀ ಸೈನಿಕರು. 2009ರ ನೆರೆಯ ವರ್ಷ ಮನೆಯ ಮಾಳಿಗೆ ಹತ್ತಿ ಕೂತ ಜನ, ತೇಲಿ ಹೋಗುವ ಬಣವೆ. ಪ್ರತಿ ವರ್ಷದ ಕಟ್ಟಿನಲ್ಲೂ ಗವಿಮಠದ ಜಾತ್ರೆಯ ತೇರು ಇದ್ದೇ ಇರುತ್ತಿತ್ತು. ಅದನ್ನು ಬಿಡಿಸದ ಮಗು ನಮ್ಮೂರ ಕಡೆ ಇಲ್ಲ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋಯಿತು. ಮನೆಮನೆಯಲ್ಲೂ ಅದೇ ಮಾತು. ನೀರೆಲ್ಲ ಹೋದರೆ ಭತ್ತದ ಗತಿ ಏನು ಎಂದು ಹಿರಿಯರು ಕಂಗಾಲಾಗಿದ್ದರೆ, ಮಕ್ಕಳು ಮೊಬೈಲಿನಲ್ಲಿ ಆ ನೊರೆಯನ್ನೇ ನೋಡುತ್ತಿದ್ದರು. ನಮ್ಮ ಶಾಲೆಯಲ್ಲಿ ಒಂದು ಮಗುವಿನ ಕೈಗೂ ಯಾರೂ ಒಂದು ಹಾಳೆ ಕೊಡಲಿಲ್ಲ. ಆ ವರ್ಷದ ಕಟ್ಟು ಟ್ರಂಕಿನಲ್ಲಿ ಇಲ್ಲ. ನನ್ನನ್ನು ಹೆಚ್ಚು ನೋಯಿಸಿದ್ದು ಇದೇ. ಟ್ರಂಕ್ ಈಗ ಬಿಸಿಯೂಟದ ಅಕ್ಕಿ ಮೂಟೆಗಳ ಹಿಂದೆ ಇದೆ. ಅದರ ಕೆಳಗೆ ಗೆದ್ದಲು ಹಿಡಿದಿದೆ.

ಚಿತ್ರಕಲೆ ನಮ್ಮ ಜಿಲ್ಲೆಗೆ ಹೊರಗಿನಿಂದ ತರಿಸಬೇಕಾದ ಸರಕಲ್ಲ. ಹಿರೇಬೆಣಕಲ್ ಗುಡ್ಡದಲ್ಲಿ ಕಲ್ಲುಬಂಡೆಯ ಮೇಲೆ ಕೆಂಪು ಬಣ್ಣದಲ್ಲಿ ಬಿಡಿಸಿದ ಬೇಟೆ, ಕುಣಿತ ಇವತ್ತಿಗೂ ಕಾಣುತ್ತವೆ. ಮಾಸ್ತರು ನಮ್ಮನ್ನು ಬುತ್ತಿ ಕಟ್ಟಿಸಿಕೊಂಡು ಅಲ್ಲಿಗೆ ಹತ್ತಿಸಿದ್ದರು. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರ ಮನೆಗಳಿವೆ. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಅವರು ಮಾಡುವ ಗೊಂಬೆ, ದೇವರ ಮೂರ್ತಿಗಳಿಗೆ, ಇದು ಈ ಊರಿನದೇ ಕಸುಬು ಎಂದು ಗುರುತಿಸುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದೆ. ಅಂಥವರು ಪಕ್ಕದಲ್ಲೇ ಇರುವಾಗ ನಮ್ಮ ಮಕ್ಕಳು ಕುಂಚ ಹಿಡಿಯದೆ ಹತ್ತನೇ ತರಗತಿ ಮುಗಿಸುತ್ತಿದ್ದಾರೆ. ಅದೇ ಶಾಲೆಯ ಗೋಡೆಗೆ ಚಿತ್ರ ಬರೆಯಲು ದುಡ್ಡು ಕೊಟ್ಟು ನನ್ನನ್ನು ಕರೆಯುತ್ತಾರೆ!

ಶಿಕ್ಷಣ ಇಲಾಖೆ ಖಾಲಿ ಇರುವ ಚಿತ್ರಕಲಾ ಶಿಕ್ಷಕರ ಹುದ್ದೆ ತುಂಬಬೇಕು. ಅದಕ್ಕೆ ಸಮಯ ಹಿಡಿಯುತ್ತದೆ ಅನ್ನುವುದಾದರೆ, ಅಲ್ಲಿಯವರೆಗೆ ಕಿನ್ನಾಳದ ಕಲಾವಿದರನ್ನು ಅತಿಥಿ ಶಿಕ್ಷಕರ ಗೌರವಧನ ಕೊಟ್ಟು ವಾರಕ್ಕೆ ಒಂದು ದಿನ ಶಾಲೆಗಳಿಗೆ ಕರೆಸಲಿ. ಅವರಿಗೂ ಆಸರೆಯಾಗುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಶಾಲೆಗಳಿಗೆ ಕೊಠಡಿ ಕಟ್ಟಿಸುವ ಜೊತೆಗೆ ಇದಕ್ಕೂ ಸ್ವಲ್ಪ ಹಣ ತೆಗೆದಿಡಬಹುದು. ಟ್ರಂಕಿನ ವಿಷಯವನ್ನು ನಾವು ಹಳೆಯ ವಿದ್ಯಾರ್ಥಿಗಳು ಮುಖ್ಯ ಶಿಕ್ಷಕರ ಹತ್ತಿರ ಮಾತಾಡಿದ್ದೇವೆ. ಮುಂದಿನ ರಜೆಯಲ್ಲಿ ಅದನ್ನು ಹೊರತೆಗೆದು, ಹಾಳಾಗದೆ ಉಳಿದ ಚಿತ್ರಗಳ ಫೋಟೊ ತೆಗೆದಿಡಲು ಅವರು ಒಪ್ಪಿದ್ದಾರೆ. ಆ ಶಾಲೆಯಲ್ಲಿ ಓದಿದವರು ಯಾರಾದರೂ ಈ ಪತ್ರ ಓದಿದರೆ ದಯವಿಟ್ಟು ಬನ್ನಿ. ಕಟ್ಟುಗಳು ತುಂಬಾ ಇವೆ.

– ಒಬ್ಬ ಬೋರ್ಡ್ ಪೇಂಟರ್, ಕೊಪ್ಪಳ ತಾಲ್ಲೂಕು