ರಜೆಯಲ್ಲಿ ಶಾಲೆಯ ಒಂದು ಕೋಣೆ ಸೈಕಲ್ಲಿನವರಿಗೆ ಸಿಗಲಿ

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್ ರಜೆಯಲ್ಲಿ ನಾನು ಮತ್ತು ನನ್ನ ಮಗಳು ವಾಸ್ಕೋದಿಂದ ಹಲಸಿಗೆ ಸೈಕಲ್ಲಿನಲ್ಲಿ ಹೋಗಿಬಂದೆವು. ಖಾನಾಪುರ ತಾಲ್ಲೂಕಿನ ಹಲಸಿಯೇ ಹಿಂದಿನ ಪಲಾಶಿಕಾ, ಕದಂಬರ ಎರಡನೇ ರಾಜಧಾನಿ. ಇತ್ತ ಗೋವೆಯ ಚಂದೋರ್ ಕೂಡ ಕದಂಬರು ಆಳಿದ ಊರೇ. ಘಟ್ಟದ ಮೇಲೂ ಕೆಳಗೂ ಅವರದೇ ನಾಡಾಗಿತ್ತು. ಅದನ್ನು ಪೆಡಲ್ ತುಳಿದೇ ನೋಡಬೇಕು ಅನ್ನೋದು ಮಗಳ ಆಸೆ. ಸೀಟಿನ ಹಿಂದೆ, ಹ್ಯಾಂಡಲ್ಲಿಗೆ, ಫ್ರೇಮಿಗೆ ಒಂದೊಂದು ಚೀಲ ಕಟ್ಟಿಕೊಂಡು ಹೊರಟೆವು. ಇದಕ್ಕೆ ಈಗ ಬೈಕ್‌ಪ್ಯಾಕಿಂಗ್ ಅಂತಾರೆ.

ಮೊದಲ ರಾತ್ರಿ ಮೊಲೆಮ್‌ನಲ್ಲಿ ರೂಮ್ ಸಿಕ್ಕಿತು. ಬೆಳಿಗ್ಗೆ ತಾಂಬ್ಡಿ ಸುರ್ಲಾದ ಮಹಾದೇವನ ಗುಡಿಗೆ ಹೋದೆವು. ಕಾಡಿನ ನಡುವೆ, ಹೊಳೆ ಪಕ್ಕದಲ್ಲಿದೆ. ಗುಡಿ ಕಟ್ಟಿದ ಕರಿಕಲ್ಲನ್ನು ಘಟ್ಟದ ಮೇಲಿಂದ ತಂದರು ಎನ್ನುತ್ತಾರೆ. ಮಂಟಪದ ನಡುವೆ ತಲೆಯಿಲ್ಲದ ಬಸವಣ್ಣ. ಒಂದು ಕಂಬದ ಬುಡದಲ್ಲಿ ಕುದುರೆಯನ್ನು ತುಳಿಯುವ ಆನೆ. ಮಗಳು ಅದರ ಮುಂದೆ ಕೂತವಳು ಏಳಲೇ ಇಲ್ಲ.

ಮಧ್ಯಾಹ್ನ ಅನಮೋಡ ಘಟ್ಟ. ಲಾರಿಗಳ ಹೊಗೆಯಲ್ಲಿ ತುಳಿದಿದ್ದಕ್ಕಿಂತ ತಳ್ಳಿದ್ದೇ ಜಾಸ್ತಿ. ಮೇಲೆ ಬರುವಷ್ಟರಲ್ಲಿ ಕತ್ತಲು. ಅಭಯಾರಣ್ಯದಲ್ಲಿ ಸುಮ್ನೆ ಎಲ್ಲೋ ಟೆಂಟ್ ಹಾಕುವಂತಿಲ್ಲ, ಹಾಕಲೂಬಾರದು. ಒಂದು ಲಾಡ್ಜಿನಲ್ಲಿ ಸೈಕಲ್ ರಸ್ತೆಯಲ್ಲೇ ಬಿಡಿ ಅಂದರು. ಇನ್ನೊಂದರಲ್ಲಿ ಅಪ್ಪ-ಮಗಳು ಅಂದರೂ ನೂರೆಂಟು ಪ್ರಶ್ನೆ. ಕೊನೆಗೆ ಒಬ್ಬ ಕಿರಾಣಿ ಅಂಗಡಿಯ ಅಕ್ಕ, "ಎಲ್ಲಿಗ್ ಹೊಕ್ಕೀರಿ ಅಣ್ಣಾ ಈ ಹೊತ್ನ್ಯಾಗ? ಇಲ್ಲೇ ಮಲಕೋರಿ" ಅಂದರು. ಪಡಸಾಲೆಯ ಕಂಬಕ್ಕೆ ಸೈಕಲ್ ಕಟ್ಟಿ ಮಲಗಿದೆವು. ಬೆಳಿಗ್ಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ದುಡ್ಡು ಮುಟ್ಟಲಿಲ್ಲ. ಆದರೆ ಬಂದವರೆಲ್ಲ ಅವರ ಮನೆ ಬಾಗಿಲು ತಟ್ಟುವುದು ಸರಿಯಲ್ಲ ಅಲ್ವಾ?

ಅಂಜುನಾ, ಪಾಲೊಲೆಮ್ ಕಡಲತೀರದಲ್ಲಿ ಪ್ರವಾಸಿಗರು ಕಡಿಮೆ ಖರ್ಚಿನಲ್ಲಿ ತಂಗುವ ಹಾಸ್ಟೆಲುಗಳಿಗೆ ಬರವಿಲ್ಲ. ಬೇಕಿರುವುದು ಘಟ್ಟದ ಮೇಲೆ. 1909ರಲ್ಲಿ ಜರ್ಮನಿಯ ಮೇಷ್ಟ್ರು ರಿಚರ್ಡ್ ಶಿರ್ಮನ್ ಮಕ್ಕಳನ್ನು ದೂರದ ನಡಿಗೆಗೆ ಕರೆದೊಯ್ದಿದ್ದಾಗ ಜೋರು ಮಳೆ ಹಿಡಿಯಿತು. ಒಂದು ಹಳ್ಳಿ ಶಾಲೆಯಲ್ಲಿ ಹುಲ್ಲು ಹಾಸಿಕೊಂಡು ಮಲಗಿದರು. ರಜೆಯಲ್ಲಿ ಶಾಲೆಗಳು ಖಾಲಿ ಇರುತ್ತವಲ್ಲ, ಅಲ್ಲೇ ಮಕ್ಕಳು ತಂಗಬಹುದಲ್ಲ ಎಂದು ಅವರಿಗೆ ಹೊಳೆಯಿತು. ಯೂತ್ ಹಾಸ್ಟೆಲ್ ಹುಟ್ಟಿದ್ದೇ ಹಾಗೆ.

ರಾಮನಗರ, ಲೋಂಡಾ, ನಂದಗಡ, ಹಲಸಿಯಲ್ಲೂ ಶಾಲೆಗಳಿವೆ. ರಜೆಯಲ್ಲಿ ಬೀಗ ಬಿದ್ದಿರುತ್ತದೆ. ಊರಿಗೊಂದು ಕೋಣೆ ಸಾಕು. ಹತ್ತು ಚಾಪೆ, ಸೈಕಲ್ ಒಳಗಿಡಲು ಜಾಗ, ಹೆಣ್ಣುಮಕ್ಕಳಿಗೆ ಒಳಗಿನಿಂದ ಚಿಲಕವಿರುವ ಸ್ನಾನದ ಮನೆ. ಬಾಡಿಗೆ ಶಾಲೆಗೇ ಹೋಗಲಿ, ಊಟದ ದುಡ್ಡು ಅಡುಗೆ ಮಾಡಿ ಬಡಿಸುವ ಮನೆಯವರಿಗೆ. ಶಿಕ್ಷಣ ಇಲಾಖೆ ಒಪ್ಪಿಗೆ ಕೊಡಬೇಕು. ಉಸ್ತುವಾರಿಗೆ ಗೋವೆಯ, ಬೆಳಗಾವಿಯ ಕನ್ನಡ ಸಂಘಗಳು ಕೈಜೋಡಿಸಬೇಕು.

ಯಾವುದಾದರೂ ಶಾಲೆ ಮುಂದೆ ಬಂದರೆ ಮೊದಲ ಹತ್ತು ಚಾಪೆ, ಒಂದು ಗಾಳಿ ಪಂಪ್, ಪಂಕ್ಚರ್ ಸಾಮಾನು ನಾನೇ ತಂದುಕೊಡುತ್ತೇನೆ. ಬೇಸಿಗೆ ರಜೆಗೆ ಮುಂಚೆಯೇ.

– ಹಡಗುಕಟ್ಟೆಯ ಒಬ್ಬ ಫಿಟ್ಟರ್, ವಾಸ್ಕೋ, ಗೋವಾ