ಕತ್ತಲಾದ ಮೇಲೆ ನಮ್ಮ ಪ್ರಾಣಿಗಳಿಗೆ ಡಾಕ್ಟರಿಲ್ಲ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯ ವಿಷಯವಾಗಿ ತಮಗೆ ಹಿಂದೆಯೂ ಬರೆದಿದ್ದೇನೆ. ಜನಸಂಪರ್ಕ ಸಭೆಯಲ್ಲಿ ಕೈಯಾರೆ ಅರ್ಜಿ ಕೊಟ್ಟಾಗ ತಾವು "ನೋಡೋಣಮ್ಮ" ಅಂದಿರಿ, ಪಕ್ಕದಲ್ಲಿದ್ದ ಆಪ್ತ ಸಹಾಯಕರ ಕೈಗೆ ದಾಟಿಸಿದಿರಿ. ಅರ್ಜಿ ಇಲಾಖೆಗೆ ಹೋಯಿತು. ಇಲಾಖೆಯಿಂದ "ಪರಿಶೀಲನೆಯಲ್ಲಿದೆ" ಎಂದು ಒಂದು ಸಾಲಿನ ಉತ್ತರ ಬಂತು. ಅಲ್ಲಿಗೆ ಅದರ ಕಥೆ ಮುಗಿಯಿತು. ಈಗ ನಮ್ಮ ಮನೆಯ ಬೆಕ್ಕು ಸತ್ತಿದೆ. ವಾಸಿಯಾಗದ ಕಾಯಿಲೆ ಬಂದು ಸತ್ತದ್ದಲ್ಲ, ಡಾಕ್ಟರಿಲ್ಲದೆ ಸತ್ತದ್ದು. ಹಾಗಾಗಿ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಏನು ಕೇಳುತ್ತಿದ್ದೇನೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಸಂಜೆಯ ಮೇಲೆ ಮತ್ತು ರಜಾ ದಿನಗಳಲ್ಲಿ ಸರದಿ ಪ್ರಕಾರ ಒಬ್ಬ ಡಾಕ್ಟರು ಸಿಗಬೇಕು. ನಾಯಿ, ಬೆಕ್ಕು, ಮೊಲ, ಹಕ್ಕಿಗಳನ್ನು ನೋಡಲು ಒಂದು ಕೋಣೆ ಬೇಕು. ಒಬ್ಬ ಡಾಕ್ಟರು, ಒಂದು ಕೋಣೆ. ಇದಕ್ಕಿಂತ ಹೆಚ್ಚಿನದೇನನ್ನೂ ನಾನು ಕೇಳುತ್ತಿಲ್ಲ.

ನಮ್ಮದು ಪೇಟೆಯ ಅಂಚಿನ ಮನೆ, ಹಿತ್ತಲಿಗೆ ಹೊಂದಿಕೊಂಡು ಸಣ್ಣ ಅಡಿಕೆ ತೋಟ. ಮಲೆನಾಡಿನಲ್ಲಿ ನಾಯಿ, ಬೆಕ್ಕು ಇಲ್ಲದೆ ಸಂಸಾರ ನಡೆಯುವುದಿಲ್ಲ ಎಂಬುದು ಇಲ್ಲಿಯೇ ಹುಟ್ಟಿ ಬೆಳೆದ ತಮಗೆ ಗೊತ್ತಿಲ್ಲದ್ದಲ್ಲ. ಹಂದಿ, ಮಂಗ ತೋಟಕ್ಕೆ ಇಳಿದರೆ ಮೊದಲು ಬೊಗಳುವವನು ನಮ್ಮ ಭೈರ. ಅಟ್ಟದಲ್ಲಿಟ್ಟ ಭತ್ತ, ಅಡಿಕೆಗೆ ಇಲಿ ಬಾಯಿ ಹಾಕದಂತೆ ನೋಡಿಕೊಳ್ಳುತ್ತಿದ್ದವನು ಪುಟ್ಟಣ್ಣ. ಬೆಂಗಳೂರಿನ ನೆಂಟರು ಮನೆ ಬದಲಿಸುವಾಗ ನಮಗೆ ಬಿಟ್ಟುಹೋದ ಒಂದು ಮೊಲ, ಒಂದು ಜೋಡಿ ಕಾಕಟೀಲ್ ಹಕ್ಕಿಗಳೂ ಇವೆ. ಮಗಳು ಅವುಗಳ ಜೊತೆಗೇ ಬೆಳೆದಳು. ಇವನ್ನು ಯಾರಾದರೂ ಶೋಕಿ ಅಂದರೆ ನನಗೆ ಸಿಟ್ಟು ಬರುತ್ತದೆ. ಬೆಳಿಗ್ಗೆ ಎದ್ದು ಮೊಲಕ್ಕೆ ಹುಲ್ಲು ಕೊಯ್ದು ತರುವುದು, ಪಂಜರ ತೊಳೆಯುವುದು, ಮಳೆಗಾಲದಲ್ಲಿ ಹುಲ್ಲು ಮುಗ್ಗದಂತೆ ಒಣಗಿಸಿಡುವುದು, ನಾಯಿಯ ಕಿವಿ ಸಂದಿಯಿಂದ ಉಣುಗು ಆರಿಸುವುದು ಶೋಕಿಯಲ್ಲ, ದಿನದ ಕೆಲಸ.

ಪುಟ್ಟಣ್ಣನ ವಿಷಯ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಅದು ಜುಲೈ ತಿಂಗಳ ಎರಡನೇ ಶನಿವಾರ. ಸಂಜೆ ಹೊತ್ತಿಗೆ ಅವನು ಮತ್ತೆ ಮತ್ತೆ ಮೂಲೆಯಲ್ಲಿಟ್ಟಿದ್ದ ಮಣ್ಣಿನ ತಟ್ಟೆಗೆ ಹೋಗಿ ಕೂರುತ್ತಿದ್ದ. ತಿಣುಕುತ್ತಿದ್ದ, ನೋವಿನಿಂದ ಕೂಗುತ್ತಿದ್ದ. ಒಂದು ಹನಿ ಮೂತ್ರ ಬರಲಿಲ್ಲ. ಕಿಬ್ಬೊಟ್ಟೆ ಮುಟ್ಟಿದರೆ ಗಟ್ಟಿ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಹರಳೋ ಲೋಳೆಯೋ ಸಿಕ್ಕಿಕೊಂಡರೆ ಪೂರಾ ಕಟ್ಟಿಕೊಳ್ಳುತ್ತದೆ. ಆಮೇಲೆ ಹೊರಗೆ ಹೋಗಬೇಕಾದ ಪೊಟ್ಯಾಸಿಯಮ್ ರಕ್ತದಲ್ಲೇ ಏರಿ ಹೃದಯ ನಿಲ್ಲುತ್ತದೆ. ಒಂದೆರಡು ದಿನದೊಳಗೆ ಪ್ರಾಣ ಹೋಗುತ್ತದೆ. ಇದನ್ನೆಲ್ಲ ನನಗೆ ಹೇಳಿಕೊಟ್ಟಿದ್ದು ಹಿಂದೆ ನಮ್ಮಲ್ಲೇ ಇದ್ದು ವರ್ಗವಾಗಿ ಹೋದ ಡಾಕ್ಟರು. ಮಂಪರು ಬರಿಸಿ, ತೆಳ್ಳಗಿನ ಕೊಳವೆ ಹಾಕಿ ಮೂತ್ರ ತೆಗೆದು, ಡ್ರಿಪ್ ಕೊಟ್ಟರೆ ಬಹಳಷ್ಟು ಬೆಕ್ಕುಗಳು ಬದುಕುತ್ತವೆ ಎಂದೂ ಅವರೇ ಹೇಳಿದ್ದರು. ಔಷಧಿಯ ಚೀಟಿ ಬರೆಸಿಕೊಂಡು ಬಂದು ವಾಸಿಮಾಡುವ ಕಾಯಿಲೆಯಲ್ಲ ಇದು. ಕೈಗೆ ಅಭ್ಯಾಸವಿರುವ ಡಾಕ್ಟರು ಎದುರಿಗಿರಬೇಕು, ಅದೂ ಆಗಲೇ.

ಆಸ್ಪತ್ರೆಯ ಗೇಟಿಗೆ ಬೀಗ. ಫಲಕದ ಮೇಲಿದ್ದ ಮೊಬೈಲ್ ನಂಬರು ವರ್ಗವಾಗಿ ಹೋದವರದ್ದು. ಈಗಿನ ಡಾಕ್ಟರಿಗೆ ಪಕ್ಕದ ತಾಲ್ಲೂಕಿನ ಪ್ರಭಾರವೂ ಇದೆ, ಅವರು ಅಲ್ಲೇ ಇದ್ದಾರೆ ಎಂದು ಗೊತ್ತಾಯಿತು. ಹೇಗೋ ನಂಬರು ಹುಡುಕಿ ಆಸ್ಪತ್ರೆಯ ಸಿಬ್ಬಂದಿಯೊಬ್ಬರಿಗೆ ಫೋನ್ ಮಾಡಿದೆ. ಅವರು ಕೊಟ್ಟ ಸಲಹೆ ಇದು: "ಅರ್ಧ ಪ್ಯಾರಾಸಿಟಮಾಲ್ ಹಾಕಿ ಮಲಗಿಸಿ, ಸೋಮವಾರ ಕರ್ಕೊಂಡು ಬನ್ನಿ."

ಸ್ವಾಮಿ, ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ಒಂದು ಮಾತ್ರೆ ಸಾಕು, ರಕ್ತ ಆಮ್ಲಜನಕ ಹೊರುವುದನ್ನೇ ಬಿಟ್ಟು ಪ್ರಾಣ ಹೋಗುತ್ತದೆ. ಇದು ಪಶುವೈದ್ಯ ಕಲಿತವರಿಗೆಲ್ಲ ಗೊತ್ತಿರುವ ಪಾಠ. ಸರ್ಕಾರಿ ಆಸ್ಪತ್ರೆಯಿಂದ ಒಬ್ಬ ಗೃಹಿಣಿಗೆ ಸಿಕ್ಕ ಸಲಹೆ ಅದನ್ನೇ ಕೊಡಿ ಎಂದು. ಆ ಸಿಬ್ಬಂದಿಯ ಮೇಲೆ ನನಗೆ ದ್ವೇಷವಿಲ್ಲ. ಅವರು ಡಾಕ್ಟರಲ್ಲ. ಡಾಕ್ಟರು ಉತ್ತರ ಕೊಡಬೇಕಾದ ಹೊತ್ತಿನಲ್ಲಿ ಅವರ ಕೈಗೆ ಫೋನ್ ಕೊಟ್ಟವರು ಯಾರು ಎಂಬುದೇ ನನ್ನ ಪ್ರಶ್ನೆ.

ಪರಿಚಯದವರ ಕಾರು ಕೇಳಿ ಶಿವಮೊಗ್ಗಕ್ಕೆ ಹೊರಟೆವು. ಜಡಿಮಳೆ, ರಸ್ತೆಗೆ ಬಿದ್ದ ಮರ, ಬಳಸುದಾರಿ. ಮಗಳು ಅವನನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಮೊದಮೊದಲು ಕೂಗುತ್ತಿದ್ದವನು ಆಮೇಲೆ ವಾಂತಿ ಮಾಡಿದ, ಮೈ ತಣ್ಣಗಾಯಿತು, ಕೂಗುವುದನ್ನೂ ನಿಲ್ಲಿಸಿದ. ಶಿವಮೊಗ್ಗ ಇನ್ನೂ ದೂರವಿರುವಾಗಲೇ ಹೋಗಿಬಿಟ್ಟ.

ಸೋಮವಾರ ಆಸ್ಪತ್ರೆಗೆ ಹೋಗಿ ಬರವಣಿಗೆಯಲ್ಲಿ ದೂರು ಕೊಡುತ್ತೇನೆ ಅಂದೆ. ಅಲ್ಲಿದ್ದವರು, "ಬೆಕ್ಕು ಸತ್ರೆ ಪರಿಹಾರ ಇಲ್ಲಮ್ಮ, ಹಸು ಆಗಿದ್ರೆ ಅರ್ಜಿ ಹಾಕಬಹುದಿತ್ತು" ಅಂದರು. ನಾನು ಪರಿಹಾರ ಕೇಳಲು ಹೋಗಿರಲಿಲ್ಲ ಶಾಸಕರೇ. ನನಗೆ ದುಡ್ಡು ಬೇಡ. ಆ ರಾತ್ರಿ ಬಾಗಿಲು ತೆಗೆಯುವ ಒಬ್ಬ ಡಾಕ್ಟರು ಬೇಕಿತ್ತು.

ಅದೇ ದಿನ ಆಸ್ಪತ್ರೆಯ ಒಳಗನ್ನೂ ನೋಡಿದೆ. ತಾವು ಟೇಪು ಕತ್ತರಿಸಿದ ಹೊಸ ಕಟ್ಟಡ. ಗೋಡೆಯ ಕಲ್ಲಿನ ಮೇಲೆ ತಮ್ಮ ಹೆಸರು ದೊಡ್ಡ ಅಕ್ಷರದಲ್ಲಿದೆ. ಶಸ್ತ್ರಚಿಕಿತ್ಸೆಯ ಕೋಣೆ ಎಂದು ಬರೆದ ಬಾಗಿಲ ಹಿಂದೆ ಮೇವಿನ ಬೀಜದ ಚೀಲಗಳಿವೆ. ಅಂಗಳದಲ್ಲಿ ಹಸುಗಳನ್ನು ನಿಲ್ಲಿಸಿ ಕಟ್ಟುವ ಕಬ್ಬಿಣದ ಚೌಕಟ್ಟಿದೆ. ಬೆಕ್ಕನ್ನು ಮಲಗಿಸಿ ನೋಡಲು ಒಂದು ಮೇಜಿಲ್ಲ. ಆ ಚೀಲಗಳನ್ನು ಉಗ್ರಾಣಕ್ಕೆ ಸಾಗಿಸಿದರೆ ನಾನು ಕೇಳುತ್ತಿರುವ ಕೋಣೆ ಅರ್ಧ ದಿನದಲ್ಲಿ ಸಿದ್ಧವಾಗುತ್ತದೆ.

ಕಾನೂನು ತಮಗೆ ತಿಳಿದಿದೆ ಎಂದುಕೊಂಡೇ ಬರೆಯುತ್ತಿದ್ದೇನೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಪ್ರಾಣಿ ಸಾಕಿದವರು ಅದರ ಯೋಗಕ್ಷೇಮಕ್ಕೆ ಬೇಕಾದುದನ್ನೆಲ್ಲ ಮಾಡಬೇಕು. ಅದಕ್ಕೆ ಅನಗತ್ಯ ನೋವು, ಯಾತನೆ ಆಗದಂತೆ ನೋಡಿಕೊಳ್ಳಬೇಕು. ಸರಿ, ಮಾಡುತ್ತೇನೆ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ನೋಂದಾಯಿತ ಪಶುವೈದ್ಯರು ಮಾತ್ರ ಚಿಕಿತ್ಸೆ ಮಾಡಬಹುದು, ಉಳಿದವರು ಏನಾದರೂ ಸಣ್ಣಪುಟ್ಟದ್ದು ಮಾಡುವುದಿದ್ದರೆ ಅವರ ಉಸ್ತುವಾರಿಯಲ್ಲೇ ಮಾಡಬೇಕು. ಅದೂ ನ್ಯಾಯವೇ. ಆದರೆ ಆ ನೋಂದಾಯಿತ ಪಶುವೈದ್ಯರು ಎಲ್ಲಿದ್ದಾರೆ? ನನ್ನ ಮೇಲೆ ಹೊರೆ ಹೊರಿಸುವ ಕಾನೂನು ಇದೆ. ಆ ಹೊರೆ ಹೊರಲು ಬೇಕಾದ ಡಾಕ್ಟರನ್ನು ಕೊಡುವ ಜವಾಬ್ದಾರಿ ಮಾತ್ರ ಯಾರದ್ದೂ ಅಲ್ಲ ಎಂಬಂತಾಗಿದೆ.

2024ರ ಅಕ್ಟೋಬರ್‌ನಲ್ಲಿ ದೇಶದಲ್ಲಿ 21ನೇ ಜಾನುವಾರು ಗಣತಿ ಶುರುವಾಯಿತು. ನಮ್ಮ ಮನೆಗೂ ಬಂದರು. ನಾಯಿ ಎಷ್ಟು, ಮೊಲ ಎಷ್ಟು ಎಂದು ಕೇಳಿ ಬರೆದುಕೊಂಡು ಹೋದರು. ಬೆಕ್ಕನ್ನು ಕೇಳಲೇ ಇಲ್ಲ. ಎಣಿಸಿದ ನಾಯಿ, ಮೊಲಕ್ಕೂ ಕಾಯಿಲೆ ಬಂದರೆ ಗತಿಯಿಲ್ಲ, ಎಣಿಸದ ಬೆಕ್ಕಿಗೂ ಗತಿಯಿಲ್ಲ.

ನಮ್ಮ ಬೀದಿಯಲ್ಲೇ ಒಬ್ಬರು ಆಫ್ರಿಕನ್ ಗ್ರೇ ಗಿಳಿ ಸಾಕಿದ್ದಾರೆ. ನಮ್ಮ ಕಾಡಿನ ಗಿಳಿಗಳನ್ನು ಪಂಜರದಲ್ಲಿಡುವುದು ಅಪರಾಧ, ಅದು ಹಾಗೇ ಇರಬೇಕು. ಇವರದ್ದು ಕಾನೂನು ಒಪ್ಪುವ ವಿದೇಶಿ ಹಕ್ಕಿ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ, 2024ರ ಫೆಬ್ರುವರಿಯ ನಿಯಮಗಳ ಪ್ರಕಾರ ಅವರು ಕೇಂದ್ರ ಸರ್ಕಾರದ ಪರಿವೇಶ್ ಎಂಬ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿದ್ದಾರೆ. ಹಕ್ಕಿಗಳ ಸ್ವಭಾವ ಎಂಥದೆಂದರೆ ಕಾಯಿಲೆಯನ್ನು ಕೊನೆಯ ತನಕ ತೋರಗೊಡುವುದಿಲ್ಲ. ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದೆ ಅಂದರೆ ಆಗಲೇ ತಡವಾಗಿದೆ ಎಂದರ್ಥ. ನೋಂದಣಿ ಕೇಳುವ ಸರ್ಕಾರ, ಆ ಹಕ್ಕಿಯನ್ನು ಕೈಯಲ್ಲಿ ಹಿಡಿದು ನೋಡುವ ಒಬ್ಬರನ್ನು ತಾಲ್ಲೂಕಿಗೆ ಕೊಡಬೇಡವೇ?

ಮೊಲದ ಕಷ್ಟ ಬೇರೆಯೇ. ಅದು ಅರ್ಧ ದಿನ ಮೇವು ಮುಟ್ಟದಿದ್ದರೆ ಕರುಳು ನಿಂತುಹೋಗುವ ಅಪಾಯ. ಅದರ ಹಲ್ಲು ಜೀವಮಾನವಿಡೀ ಬೆಳೆಯುತ್ತಿರುತ್ತದೆ, ಹುಲ್ಲು ಕಡಿದು ಸವೆಯದಿದ್ದರೆ ಬಾಯಿಗೇ ಚುಚ್ಚುತ್ತದೆ. ಉಣುಗಿಗೆಂದು ನಾಯಿಯ ಬೆನ್ನಿಗೆ ಬಿಡುವ ಫಿಪ್ರೋನಿಲ್ ಹನಿ ಮೊಲವನ್ನು ಕೊಲ್ಲಬಲ್ಲದು. ನಾಯಿಗೆ ಹಾಕುವ ಕೆಲವು ಔಷಧಿ ಬೆಕ್ಕನ್ನು ಕೊಲ್ಲುತ್ತದೆ. ಔಷಧಿ ಅಂಗಡಿಯವರಿಗೆ ಇದು ಗೊತ್ತಿಲ್ಲ, ಗೊತ್ತಿರಬೇಕೆಂದು ನಾನು ಹೇಳುವುದೂ ಇಲ್ಲ. ಆದರೆ ಡಾಕ್ಟರು ಸಿಗದ ಊರಿನಲ್ಲಿ ಜನ ಅವರನ್ನೇ ಕೇಳುತ್ತಾರೆ. ಬೇರೆ ಯಾರನ್ನು ಕೇಳಬೇಕು?

ಪ್ರಾಣಿ ಸಾಕುವವರ ಹಣೆಬರಹ ಎಂದು ಬದಿಗೆ ಸರಿಸುವವರಿಗೆ ಇನ್ನೂ ಒಂದು ಮಾತು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಉಣುಗು. ಕಾಡಂಚಿನಲ್ಲಿ ತಿರುಗಿ ಬರುವ ದನ, ನಾಯಿಗಳ ಮೈಯಲ್ಲಿ ಉಣುಗು ಹತ್ತಿಕೊಂಡು ಅಂಗಳಕ್ಕೆ ಬರುತ್ತದೆ. ಅವುಗಳ ಮೈ ಶುಚಿಯಾಗಿಡುವುದು ಮನುಷ್ಯರ ಆರೋಗ್ಯದ ಕೆಲಸವೂ ಹೌದು. ಹುಚ್ಚುನಾಯಿ ರೋಗವಂತೂ ಲಕ್ಷಣ ಕಾಣಿಸಿಕೊಂಡ ಮೇಲೆ ಬಹುತೇಕ ಸಾವೇ. ಅದನ್ನು ತಡೆಯುವ ಲಸಿಕೆ ನಾಯಿಗೂ ಬೆಕ್ಕಿಗೂ ಪ್ರತಿ ವರ್ಷ ಬೀಳಬೇಕು. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದಂದು ಶಾಮಿಯಾನ ಹಾಕಿ, ತಮ್ಮನ್ನು ಕರೆಸಿ, ಲಸಿಕೆ ಹಾಕುತ್ತಾರೆ. ಅಕ್ಟೋಬರ್‌ನಲ್ಲಿ ಮರಿ ತಂದವರು ಕೇಳಿದರೆ ಸ್ಟಾಕ್ ಇಲ್ಲ. ಲಸಿಕೆ ಹಾಕಿಸದ ನಾಯಿ ಕಚ್ಚಿದರೆ ಬೀದಿಯವರೆಲ್ಲ ಸಾಕಿದವರನ್ನು ಬೈಯುತ್ತಾರೆ. ಲಸಿಕೆ ಎಲ್ಲಿ ಹಾಕಿಸಬೇಕಿತ್ತು ಎಂದು ಯಾರೂ ಕೇಳುವುದಿಲ್ಲ.

ರೈತರ ದನಕರು ಮೊದಲು, ನಿಮ್ಮ ನಾಯಿ ಬೆಕ್ಕು ಆಮೇಲೆ ಎಂದು ತಮ್ಮ ಕಡೆಯವರೊಬ್ಬರು ನನಗೆ ಹೇಳಿದರು. ನನ್ನ ತವರಿನಲ್ಲಿ ಹಟ್ಟಿ ತುಂಬ ದನ ಇದ್ದವು, ಕರು ಅಡ್ಡಲಾಗಿ ಸಿಕ್ಕಿಕೊಂಡಾಗ ಹಸು ಪಡುವ ಪಾಡು ನಾನು ಕಂಡಿದ್ದೇನೆ. 1962ಕ್ಕೆ ಕರೆ ಮಾಡಿದರೆ ಮನೆ ಬಾಗಿಲಿಗೆ ಬರುವ ಪಶು ವಾಹನದಿಂದ ಒಂದು ಹಸುವಿನ ಪಾಲನ್ನೂ ನಾನು ಕಿತ್ತುಕೊಳ್ಳಲು ಹೊರಟಿಲ್ಲ. ಕರು ಹಾಕಲಾರದ ಹಸುವಿಗೂ ರಾತ್ರಿ ಡಾಕ್ಟರು ಬೇಕು. ಅವರೇ ಬೆಕ್ಕನ್ನೂ ನೋಡುತ್ತಾರೆ. ನಾನು ಕೇಳುವ ಡಾಕ್ಟರು ರೈತರಿಗೂ ಬೇಕಾದ ಡಾಕ್ಟರೇ.

ಈಗಿರುವ ಡಾಕ್ಟರ ಮೇಲೂ ನನ್ನ ದೂರಿಲ್ಲ. ಎರಡು ತಾಲ್ಲೂಕು, ಕಾಲುಬಾಯಿ ಜ್ವರದ ಲಸಿಕೆ, ಶಿಬಿರ, ಮೀಟಿಂಗು, ವರದಿ. ಒಬ್ಬ ಮನುಷ್ಯ ಎಷ್ಟು ಕಡೆ ಇರಲು ಸಾಧ್ಯ? ಖಾಲಿ ಹುದ್ದೆ ತುಂಬಿಸಿ. ತುಂಬಿಸುವವರೆಗೆ ಆಸುಪಾಸಿನ ಡಾಕ್ಟರುಗಳ ಸರದಿ ಪಟ್ಟಿ ಮಾಡಿ, ಅವರ ಓಡಾಟದ ಖರ್ಚು ಕೊಡಿ. ಜಿಲ್ಲಾ ಕೇಂದ್ರದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಅಲ್ಲಿನ ಐದೂವರೆ ವರ್ಷದ ಪದವಿಯಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಆ ಹುಡುಗ ಹುಡುಗಿಯರನ್ನು ಹಿರಿಯ ಡಾಕ್ಟರ ಕೈಕೆಳಗೆ ಪಾಳಿಯಲ್ಲಿ ಕಳಿಸಿಕೊಡಿ ಎಂದು ವಿಶ್ವವಿದ್ಯಾಲಯವನ್ನು ಕೇಳಲು ತಮ್ಮ ಒಂದು ಪತ್ರ ಸಾಕು. ಫಲಕದ ಮೇಲೆ ಸರಿಯಾದ ಫೋನ್ ನಂಬರು ಬರೆಸಲು ಪತ್ರವೂ ಬೇಡ, ಒಂದು ಡಬ್ಬಿ ಬಣ್ಣ ಸಾಕು.

ಇಲಾಖೆಗಳ ಕೆಲಸ ಪರಿಶೀಲಿಸುವ ಮುಂದಿನ ತಾಲ್ಲೂಕು ಕೆಡಿಪಿ ಸಭೆಗೆ ತಾವೇ ಅಧ್ಯಕ್ಷರು. ಪಶುಪಾಲನಾ ಇಲಾಖೆಯ ಸರದಿ ಬಂದಾಗ ಹಾಲಿನ ಅಂಕಿಅಂಶ ಓದಿಸಿ ಮುಂದಕ್ಕೆ ಹೋಗಬೇಡಿ. ಈ ಮೂರು ಪ್ರಶ್ನೆ ಕೇಳಿ: ಸಂಜೆಯ ಮೇಲೆ ಯಾರಿರುತ್ತಾರೆ? ಭಾನುವಾರ ಯಾರಿರುತ್ತಾರೆ? ಆ ಕೋಣೆಯ ಚೀಲಗಳನ್ನು ಯಾವತ್ತು ತೆಗೆಯುತ್ತೀರಿ? ಬಂದ ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಪ್ರತಿಯನ್ನು ಆಸ್ಪತ್ರೆಯ ಬಾಗಿಲಿಗೆ ಅಂಟಿಸಿ. "ಪರಿಶೀಲನೆಯಲ್ಲಿದೆ" ಎಂಬ ಕಾಗದ ಮಾತ್ರ ಮತ್ತೊಮ್ಮೆ ಕಳಿಸಬೇಡಿ, ನನ್ನ ಹತ್ತಿರ ಒಂದಿದೆ.

ಭೈರನಿಗೆ ವಯಸ್ಸಾಗಿದೆ. ಈ ಮಳೆಗಾಲದಲ್ಲಿ ಅವನ ಹಿಂಗಾಲು ಸೋಲುತ್ತಿದೆ. ಅವನಿಗೆ ಯಾವ ರಾತ್ರಿ ಏನಾಗುತ್ತದೋ ಎಂಬ ಭಯದಲ್ಲೇ ನಾವು ಮಲಗುತ್ತೇವೆ. ಈ ಪೇಟೆಯಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಸಂಜೆಯ ಮೇಲೂ ಸಿಗುವ ಒಬ್ಬ ಡಾಕ್ಟರು, ಒಂದು ಕೋಣೆ. ಇಷ್ಟನ್ನು ಮಾಡಿಕೊಡಿ. ಕೆಡಿಪಿ ಸಭೆಯ ದಿನ ನಾನು ತಾಲ್ಲೂಕು ಪಂಚಾಯಿತಿ ಕಚೇರಿಯ ಹೊರಗೆ ಇರುತ್ತೇನೆ, ಉತ್ತರವನ್ನು ಅಲ್ಲೇ ಕೇಳುತ್ತೇನೆ.

ಇತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರಳು