ಗುಜರಿಗೆ ಕೊಡುವ ಮೊದಲು ಹಿಂದಿನ ತಗಡು ಬಿಚ್ಚಿ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪತ್ರಿಕೆಯಲ್ಲಿ ಅರ್ಧ ಪುಟದ ಜಾಹೀರಾತು ಇತ್ತು. ಹಳೇ ವಾಷಿಂಗ್ ಮೆಷಿನ್ ತನ್ನಿ, ಹೊಸತು ಒಯ್ಯಿರಿ, ಹಳೆಯದು ಹೇಗಿದ್ದರೂ ಅಡ್ಡಿಯಿಲ್ಲ ಅಂತ. ನನಗೆ ಜಾಹೀರಾತಿನ ಮೇಲೆ ಸಿಟ್ಟಿಲ್ಲ. ಪತ್ರಿಕೆ ನಡೆಯಬೇಕಲ್ವಾ? ಆದರೆ ಅದಾಗಿ ಮೂರನೇ ದಿನ ಬದಿಯಡ್ಕ ಪೇಟೆಯಲ್ಲಿ ಗುಜರಿಯವರ ಆಟೋದಲ್ಲಿ ಒಂದು ಮೆಷಿನ್ ಅಡ್ಡ ಮಲಗಿ ಹೋಗುವುದು ಕಂಡಿತು. ಹಿಂದಿನ ತಗಡು ಕಳಚಿ ನೇತಾಡುತ್ತಿತ್ತು. ತಗಡಿನ ಒಳಬದಿಗೆ ಅಂಟಿಸಿದ ಹಾಳೆಯೊಂದು ಗಾಳಿಗೆ ಪಟಪಟ ಬಡಿಯುತ್ತಿತ್ತು. ಆ ಹಾಳೆಯ ವಿಷಯ ಹೇಳಲಿಕ್ಕೇ ಈ ಪತ್ರ. ಉದ್ದವಾದರೆ ಕತ್ತರಿ ನಿಮ್ಮ ಕೈಯಲ್ಲಿದೆ.

ನಾನು ನೀರ್ಚಾಲಿನ ಹತ್ತಿರದವನು. 31 ವರ್ಷ ಪಂಪಿನ ಮೋಟರ್ ವೈಂಡಿಂಗ್ ಮಾಡುವ, ಅಂದರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟಿದ್ದೆ. ಅಡಿಕೆ ತೋಟದವರ ಪಂಪು ಕೆಡುವುದು ಬೇಸಿಗೆಯಲ್ಲಿ. ಜನವರಿಯಿಂದ ಮೇ ತಿಂಗಳವರೆಗೆ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ. ಮಳೆ ಹಿಡಿದ ಮೇಲೆ ಪಂಪು ಯಾರಿಗೆ ಬೇಕು? ಆಗ ಅಂಗಡಿಯಲ್ಲಿ ನಾನು, ವಾರ್ನಿಷಿನ ವಾಸನೆ, ಮತ್ತೆ ನಿಮ್ಮ ಪೇಪರು. ಆ ಖಾಲಿ ತಿಂಗಳುಗಳಲ್ಲೇ ವಾಷಿಂಗ್ ಮೆಷಿನ್ ಬಿಚ್ಚುವ ಹುಚ್ಚು ಹಿಡಿಯಿತು. ಈಗ ಅಂಗಡಿ ಮಗನದು, ದನ ಇಲ್ಲದ ಹಟ್ಟಿ ನನ್ನದು. ಅದರಲ್ಲಿ ಒಂಬತ್ತು ಮೆಷಿನ್, ಬಟ್ಟೆ ಒಣಗಿಸುವ ಎರಡು ಡ್ರೈಯರ್ ಸಾಲಾಗಿ ನಿಂತಿವೆ. "ದನ ಇದ್ದಾಗ ಹಾಲಾದರೂ ಸಿಗುತ್ತಿತ್ತು" ಅನ್ನುವುದು ನನ್ನ ಹೆಂಡತಿಯ ಮಾತು.

ನನಗೆ ಸಿಕ್ಕಿದ ಮೊದಲ ಮೆಷಿನ್ ನೆರೆಮನೆಯದು. ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್. ಮೋಟರ್ ಸುಟ್ಟಿದೆ, ಪಾರ್ಟು ಬರುವುದಿಲ್ಲ ಎಂದು ಯಾರೋ ಹೇಳಿದ್ದರಂತೆ. ನಾನು ಸ್ವಿಚ್ ಹಾಕಿದೆ. ಗುಂಯ್ ಅಂದಿತು, ತಿರುಗಲಿಲ್ಲ. ಈ ಸದ್ದನ್ನು ನಾನು ಸಾವಿರ ಪಂಪಿನಲ್ಲಿ ಕೇಳಿದ್ದೇನೆ. ಪ್ಲಗ್ ಕಿತ್ತು, ಮೋಟರ್ ತಿರುಗಲು ಶುರುವಿನ ತಳ್ಳು ಕೊಡುವ ಕೆಪಾಸಿಟರ್ ಬದಲಿಸಿದೆ, ಓಡಿತು. ಅಷ್ಟೇ. ನೂರೈವತ್ತು ರೂಪಾಯಿಯೊಳಗಿನ ಒಂದು ಡಬ್ಬಿಗಾಗಿ ಆ ಮೆಷಿನ್ ಎರಡು ವರ್ಷ ಕಟ್ಟಿಗೆ ಕೊಟ್ಟಿಗೆಯಲ್ಲಿ ಕೂತಿತ್ತು.

ಎಲ್ಲವೂ ಇಷ್ಟು ಸುಲಭವಲ್ಲ. ನಮ್ಮ ಕೆಂಪುಕಲ್ಲಿನ ಬಾವಿಯ ನೀರಿಗೆ ಹುಳಿ ಗುಣ ಜಾಸ್ತಿ, ತಗಡು ತಿನ್ನುತ್ತದೆ. ಬೋರಿನ ನೀರಾದರೆ ಹಲವು ಕಡೆ ಕಬ್ಬಿಣದ ಕಲೆ ಬೇರೆ. ಇಲಿ ಅಡಿಯಿಂದ ಹೊಕ್ಕು ತಂತಿ ಕಡಿಯುತ್ತದೆ. ಹಿಂಡುವ ತೊಟ್ಟಿಯ ಬುಡದ ರಬ್ಬರ್ ಹರಿದರೆ ನೀರು ನೇರ ಕೆಳಗಿನ ಮೋಟರಿಗೆ ತೊಟ್ಟಿಕ್ಕುತ್ತದೆ. ಬ್ರೇಕಿನ ತಂತಿ ತುಕ್ಕು ಹಿಡಿದು ತುಂಡಾದರೆ ಮುಚ್ಚಳ ತೆರೆದರೂ ತೊಟ್ಟಿ ನಿಲ್ಲುವುದಿಲ್ಲ, ಮಕ್ಕಳಿರುವ ಮನೆಗೆ ಅಪಾಯ. ತುಕ್ಕಿಗೆ ನನ್ನ ಔಷಧ ಬಿಂಬುಳಿ ಎಂಬ ಹುಳಿ ಕಾಯಿ. ಜಜ್ಜಿ ಉಜ್ಜಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಸೋಡಾ ನೀರಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ ಪೈಂಟ್ ಹೊಡೆಯುತ್ತೇನೆ. ಉಪ್ಪಿನಕಾಯಿಗೆ ಬಿಂಬುಳಿ ಉಳಿಯಲಿಲ್ಲ ಎಂಬ ದೂರು ಮನೆಯಲ್ಲಿ ಇದ್ದೇ ಇದೆ.

ನನ್ನ ಹಟ್ಟಿಯ ಯಜಮಾನ ಮೇಟ್ಯಾಗ್ ಎಂಬ ಅಮೆರಿಕದ ಕಂಪನಿಯ ಒಂದು ವಾಷಿಂಗ್ ಮೆಷಿನ್. ಉಪ್ಪಳದ ಕಡೆಯ ಒಬ್ಬರು ಸೌದಿಯಿಂದ ಬರುವಾಗ ಕಂಟೈನರಿನಲ್ಲಿ ಹಾಕಿ ತಂದದ್ದು. 1980ರ ದಶಕದ್ದು. ಅಲ್ಲಿ ಆಗ ಮನೆಗೆ ಬರುತ್ತಿದ್ದ ಕರೆಂಟು 127 ವೋಲ್ಟ್, 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಆವರ್ತ. ನಮ್ಮದು 230, 50. ಅವರು ಪೇಟೆಯಿಂದ ಒಂದು ಕನ್ವರ್ಟರ್ ತಂದು ವೋಲ್ಟೇಜ್ ಇಳಿಸಿ ಓಡಿಸಿದ್ದಾರೆ. ಮೋಟರ್ ಕಾದು ವಾಸನೆ ಬಂದಿದೆ. ಹೆದರಿ ನಿಲ್ಲಿಸಿದ್ದಾರೆ. ಮತ್ತೆ 20 ವರ್ಷ ಅದರ ಮೇಲೆ ತೆಂಗಿನಕಾಯಿ ರಾಶಿ.

ಯಾಕೆ ಕಾಯಿತು ಅಂತ ವೈಂಡಿಂಗಿನವನಿಗೆ ಹೇಳಬೇಕಾಗಿಲ್ಲ. ಆ ಮೋಟರ್ ಸುತ್ತಿದ್ದು 120 ವೋಲ್ಟ್, 60 ಹರ್ಟ್ಜಿಗೆ, ಅಂದರೆ ಒಂದು ಹರ್ಟ್ಜಿಗೆ ಎರಡು ವೋಲ್ಟಿನ ಲೆಕ್ಕ. 50 ಹರ್ಟ್ಜಿನಲ್ಲಿ ಅದಕ್ಕೆ 100 ವೋಲ್ಟ್ ಸಾಕು. ಅದಕ್ಕಿಂತ ಜಾಸ್ತಿ ಕೊಟ್ಟರೆ ಮೋಟರಿನೊಳಗಿನ ಕಬ್ಬಿಣದಲ್ಲಿ ಅಯಸ್ಕಾಂತದ ಬಲ ತುಂಬಿ ತುಳುಕಿ ಬಿಸಿಯಾಗುತ್ತದೆ. ಪೇಟೆಯ ಕನ್ವರ್ಟರ್ 110 ಕೊಡುವಂಥದ್ದು. ಹಾಗಾಗಿ 230ನ್ನು 100ಕ್ಕೆ ಇಳಿಸುವ ಒಂದೂವರೆ ಕೆವಿಎ ಟ್ರಾನ್ಸ್‌ಫಾರ್ಮರನ್ನು ನಾನೇ ಸುತ್ತಿದೆ. ಮೋಟರ್ ತಂಪಾಗಿ ಓಡಿತು. ಆದರೆ ನಿಧಾನ. ನಿಮಿಷಕ್ಕೆ 1725 ಸುತ್ತು ತಿರುಗಬೇಕಾದ್ದು 1425ರ ಹತ್ತಿರ ನಿಂತಿತು. ಕುಂಬಳೆಯಲ್ಲಿ ಲೇತಿನವರ ಹತ್ತಿರ ಮೋಟರಿನ ಪುಲ್ಲಿಯನ್ನು ಶೇಕಡ 20ರಷ್ಟು ದೊಡ್ಡದು ಮಾಡಿಸಿದೆ. ಈಗ ತೊಟ್ಟಿಯ ವೇಗ ಸರಿ. ಬಟ್ಟೆ ಮಾತ್ರ ಸ್ವಲ್ಪ ಕಡಿಮೆ ಹಾಕಬೇಕು. ಟೈಮರಿನ ಪುಟ್ಟ ಮೋಟರ್ ಇನ್ನೂ 60 ಹರ್ಟ್ಜಿನ ನೆನಪಲ್ಲೇ ಇದೆ, ಅದರ 10 ನಿಮಿಷ ನಮ್ಮಲ್ಲಿ 12. ಇರಲಿ ಬಿಡಿ, ನೀರ್ಚಾಲಿನಲ್ಲಿ ಯಾರಿಗೆ ಅವಸರ?

ಅದರ ಒಳಗಿನ ಕೆಲಸ ನೋಡುವುದೇ ಒಂದು ಸಂತೋಷ. ಮೋಟರ್ ಒಂದು ದಿಕ್ಕಿಗೆ ತಿರುಗಿದರೆ ನಡುವಿನ ಕಂಬ ಎಡಕ್ಕೂ ಬಲಕ್ಕೂ ಹೊರಳಿ ಬಟ್ಟೆ ಒಗೆಯುತ್ತದೆ. ಎದುರು ದಿಕ್ಕಿಗೆ ತಿರುಗಿದರೆ ಇಡೀ ತೊಟ್ಟಿ ಗಿರ್ರನೆ ಸುತ್ತಿ ನೀರು ಹಿಂಡುತ್ತದೆ. ಬೇರೆ ಕ್ಲಚ್ಚೇ ಬೇಡ. ಮೋಟರನ್ನೇ ಸ್ಪ್ರಿಂಗಿನ ಮೇಲೆ ಜಾರುವ ಹಾಗೆ ಕೂರಿಸಿದ್ದಾರೆ. ಶುರುವಿನಲ್ಲಿ ಬೆಲ್ಟ್ ಸ್ವಲ್ಪ ಜಾರಿ ಆಮೇಲೆ ಹಿಡಿಯುತ್ತದೆ. ಇದನ್ನು ಯೋಚಿಸಿದವನ ಕಾಲಿಗೆ ಬೀಳಬೇಕು ಅನಿಸಿತು.

ಆ ಕಂಪನಿಯ ಕಥೆಯನ್ನು ಮೊಮ್ಮಗಳು ಫೋನಿನಲ್ಲಿ ಹುಡುಕಿ ಓದಿ ಹೇಳಿದಳು. ಅಮೆರಿಕದ ಅಯೋವಾ ರಾಜ್ಯದ ನ್ಯೂಟನ್ ಎಂಬ ಊರಲ್ಲಿ 1893ರಲ್ಲಿ ಶುರುವಾದದ್ದು. ಮೊದಲು ಮಾಡುತ್ತಿದ್ದದ್ದು ಬೆಳೆ ಒಕ್ಕುವ ಯಂತ್ರದ ಭಾಗಗಳನ್ನು. ಬೇಸಾಯದ ಸಾಮಾನಿಗೆ ವರ್ಷದಲ್ಲಿ ಕೆಲವು ತಿಂಗಳು ಗಿರಾಕಿಯೇ ಇಲ್ಲ. ಆ ಖಾಲಿ ತಿಂಗಳಿಗೆ ಕೆಲಸ ಬೇಕಲ್ಲ ಅಂತ 1907ರಲ್ಲಿ ಬಟ್ಟೆ ಒಗೆಯುವ ಯಂತ್ರಕ್ಕೆ ಕೈ ಹಾಕಿದರಂತೆ. ಕೇಳಿ ನನಗೆ ನಗು ಬಂತು. ನನ್ನದೂ ಅದೇ ಕಥೆ ಅಲ್ವಾ! ಅವರು ಲಕ್ಷಗಟ್ಟಲೆ ಮೆಷಿನ್ ಮಾಡಿದರು, ನಾನು ಒಂಬತ್ತು ರಿಪೇರಿ ಮಾಡಿದೆ, ಅಷ್ಟೇ ವ್ಯತ್ಯಾಸ. 2006ರಲ್ಲಿ ವರ್ಲ್‌ಪೂಲ್ ಆ ಕಂಪನಿಯನ್ನು ಕೊಂಡಿತು. ಮರುವರ್ಷ ನ್ಯೂಟನ್ನಿನ ಕಾರ್ಖಾನೆ ಮುಚ್ಚಿತು.

ಈಗ ಹಾಳೆಯ ವಿಷಯ.

ಎರಡು ತೊಟ್ಟಿಯ ಮೆಷಿನಿನಲ್ಲಿ ತಂತಿ ಕಡಿಮೆ, ತಲೆಯಲ್ಲೇ ಇಟ್ಟುಕೊಳ್ಳಬಹುದು. ಹಳೇ ಫುಲ್ ಆಟೋಮ್ಯಾಟಿಕ್ ಹಾಗಲ್ಲ. ಅದರ ಟೈಮರಿನೊಳಗೆ ಹಲ್ಲುಹಲ್ಲಿನ ಒಂದು ಪ್ಲಾಸ್ಟಿಕ್ ಉರುಳೆ ಮೆಲ್ಲ ತಿರುಗುತ್ತಿರುತ್ತದೆ. ಯಾವ ಹಲ್ಲು ಯಾವ ಕಾಂಟ್ಯಾಕ್ಟನ್ನು ಎತ್ತುತ್ತದೋ ಆಗ ಆ ಕೆಲಸ: ನೀರು ಬಿಡುವುದು, ಒಗೆಯುವುದು, ನೀರು ಚೆಲ್ಲುವುದು, ಹಿಂಡುವುದು. ಅದಕ್ಕೆ ಬಂದು ಸೇರುವ ತಂತಿ ಇಪ್ಪತ್ತಕ್ಕೂ ಮೇಲೆ. ಉರುಳೆ ಕೆಡುವುದು ಕಡಿಮೆ. ಕಾಂಟ್ಯಾಕ್ಟು ಕಪ್ಪಾದರೆ ನಯವಾದ ಪಾಲಿಶ್ ಕಾಗದದಲ್ಲಿ ಉಜ್ಜಿದರಾಯಿತು. ಈಗಿನ ಎಷ್ಟೋ ಮೆಷಿನಿನ ಬೋರ್ಡಿನ ಮೇಲೆ ಅಂಟು ಸುರಿದು ಮುಚ್ಚಿರುತ್ತಾರೆ. ನೀರು ಒಳಗೆ ಹೋಗಬಾರದು ಅಂತ, ಒಪ್ಪುತ್ತೇನೆ. ಆದರೆ ನನ್ನ ಬೆಸುಗೆ ಕಡ್ಡಿಯೂ ಒಳಗೆ ಹೋಗುವುದಿಲ್ಲವಲ್ಲ. ಹಾಗಾಗಿಯೇ ಹಳೆಯದರ ಮೇಲೆ ನನಗೆ ಜಾಸ್ತಿ ಪ್ರೀತಿ.

ಆದರೆ ಇಲಿ ತಂತಿ ಕಡಿದಿದ್ದರೆ, ಬಣ್ಣ ಮಾಸಿದ್ದರೆ, ಯಾವುದು ಎಲ್ಲಿಗೆ ಎಂದು ಹೇಳುವುದು ಹಿಂದಿನ ತಗಡಿನ ಒಳಗೆ ಅಂಟಿಸಿದ ಆ ಹಾಳೆ ಮಾತ್ರ. ವೈರಿಂಗಿನ ನಕ್ಷೆ. ಕೆಲವರು ಅದನ್ನು ಮಡಚಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಒಳಗೆ ಸಿಕ್ಕಿಸಿರುತ್ತಾರೆ. ನನ್ನ ಒಂದು ಮೆಷಿನಿನ ಹಾಳೆಯನ್ನು ಗೆದ್ದಲು ಪೂರ್ತಿ ತಿಂದಿತ್ತು. ಜಡಿಮಳೆಯ ಆಟಿ ತಿಂಗಳಲ್ಲಿ ಹನ್ನೊಂದು ದಿನ ಟೆಸ್ಟರ್ ಹಿಡಿದು ಒಂದೊಂದೇ ತಂತಿ ಹುಡುಕಿದೆ. ನೋಟ್ ಪುಸ್ತಕದಲ್ಲಿ ಬರೆದೆ, ಹರಿದೆ, ಮತ್ತೆ ಬರೆದೆ. ಓಡಿತೇನೋ ಹೌದು. ಆದರೆ ಹಿಂಡುವ ಹೊತ್ತಿಗೆ ನೀರು ತುಂಬುತ್ತಿತ್ತು. ಒಂದು ವರ್ಷದ ಮೇಲೆ ಮುಳ್ಳೇರಿಯದ ಒಂದು ಮನೆಯಲ್ಲಿ ಅದೇ ಮಾಡೆಲ್ ಕಂಡೆ. ಅದರ ಹಾಳೆ ಹೊಸ ನೋಟಿನ ಹಾಗೆ ಇತ್ತು. ಮನೆಯವರು ಚಹಾ ತರುವುದರೊಳಗೆ ಗೊತ್ತಾಯಿತು, ನಾನು ಎರಡು ತಂತಿ ಅದಲುಬದಲು ಮಾಡಿದ್ದೆ.

ಅದಕ್ಕೇ ಆ ದಿನ ಗುಜರಿ ಆಟೋದ ಹಿಂದೆ ಸ್ಕೂಟರಿನಲ್ಲಿ ಹೋದೆ. ಸೀತಾಂಗೋಳಿ ರಸ್ತೆಯಲ್ಲಿ ಹಿಡಿದೆ. ಹುಡುಗ ಏನೋ ಗಲಾಟೆ ಅಂತ ಹೆದರಿದ. ಹಾಳೆ ಬೇಕಿತ್ತು ಅಂದೆ. ಕಾಗದ ತೂಕಕ್ಕೆ ಬರುವುದಿಲ್ಲ, ಒಯ್ಯಿರಿ ಎಂದು ಮಲಯಾಳದಲ್ಲಿ ಹೇಳಿ ಹರಿದು ಕೊಟ್ಟ. ಕೆಳಗಿನ ಮೂಲೆ ತಗಡಲ್ಲೇ ಉಳಿಯಿತು. ಮೆಷಿನ್ ಉಳಿಸಿಕೊಳ್ಳಲು ಆಗಲಿಲ್ಲ, ಹಟ್ಟಿಯಲ್ಲಿ ಜಾಗ ಇಲ್ಲ.

ಇನ್ನು ಡ್ರೈಯರ್. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3 ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಆಟಿಯಲ್ಲಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಅಂಗಿಯ ಹೊಗೆ ವಾಸನೆ ಹಾಕಿಕೊಂಡೇ ನಾವೆಲ್ಲ ಶಾಲೆಗೆ ಹೋದದ್ದು. ಗಲ್ಫಿನಿಂದ ಬಂದ ಡ್ರೈಯರ್ ಇಲ್ಲಿ ಕೆಲವು ಮನೆಗಳ ಮೂಲೆಯಲ್ಲಿದೆ. ರಿಪೇರಿಗೆ ಮೆಷಿನಿಗಿಂತ ಇದು ಸುಲಭ. ಒಂದು ಡ್ರಮ್, ಬೆಲ್ಟ್, ಫ್ಯಾನ್, ಹೀಟರ್. ಆದರೆ ದಯವಿಟ್ಟು ಒಂದು ಮಾತು ಕೇಳಿ. ನನಗೆ ಬಂದ ಎರಡನೇ ಡ್ರೈಯರಿನಲ್ಲಿ ಯಾರೋ ಪುಣ್ಯಾತ್ಮ ಬಿಸಿ ಜಾಸ್ತಿಯಾದರೆ ಕರೆಂಟು ತಪ್ಪಿಸುವ ಕಟ್‌ಔಟಿನ ಎರಡು ತುದಿಗೆ ತಂತಿ ಬಿಗಿದು ಸೇರಿಸಿಬಿಟ್ಟಿದ್ದ. ಪದೇ ಪದೇ ನಿಲ್ಲುತ್ತದೆ ಎಂದು ಮಾಡಿದ್ದಂತೆ. ನಿಲ್ಲುತ್ತಿದ್ದದ್ದು ಯಾಕೆ? ಗಾಳಿ ಹೋಗುವ ದಾರಿಯಲ್ಲಿ ಬಟ್ಟೆಯ ಜುಂಗು ಎರಡು ಮುಷ್ಟಿ ತುಂಬಿತ್ತು. ಬೂರುಗದ ಹತ್ತಿಯ ಹಾಗೆ. ಒಂದು ಚಿಟಿಕೆಗೆ ಬೆಂಕಿಕಡ್ಡಿ ಮುಟ್ಟಿಸಿ ನೋಡಿದೆ, ಭುಗ್ಗೆಂದಿತು. ಅದರ ಪಕ್ಕದಲ್ಲೇ 2 ಸಾವಿರ ವಾಟ್ಸಿನ ಹೀಟರ್. ಜಾಲರಿಯನ್ನು ಪ್ರತಿ ಸಲ ತೆಗೆದು ಒರೆಸಿ. ಅರ್ತ್ ಇಲ್ಲದ ಪ್ಲಗ್ಗಿಗೆ ಹಾಕಬೇಡಿ. ಮೊದಲು ವಾಷಿಂಗ್ ಮೆಷಿನಿನಲ್ಲಿ ಚೆನ್ನಾಗಿ ಹಿಂಡಿ ಆಮೇಲೆ ಡ್ರೈಯರಿಗೆ ಹಾಕಿದರೆ ಯೂನಿಟ್ಟೂ ಉಳಿಯುತ್ತದೆ. ನಮ್ಮ ಮನೆಯಲ್ಲಿ ಅದು ಓಡುವುದು ಮೊಮ್ಮಗಳ ಯೂನಿಫಾರಮ್ಮಿಗೆ ಮಾತ್ರ.

ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಒಂದು ಪೋರ್ಟಲ್ ಶುರುಮಾಡಿತು. ಮೊಬೈಲ್, ವಾಹನ, ಕೃಷಿ ಯಂತ್ರದ ಜೊತೆ ಮನೆ ಸಾಮಾನುಗಳೂ ಅದರಲ್ಲಿವೆ. ಒಳ್ಳೆಯ ಕೆಲಸ. ಆದರೆ 30 ವರ್ಷದ ಹಿಂದಿನ ಮೆಷಿನಿನ ಹಾಳೆಯನ್ನು ಅಲ್ಲಿಗೆ ತಂದು ಹಾಕುವವರು ಯಾರು? ಎಷ್ಟೋ ಕಂಪನಿಗಳೇ ಈಗ ಇಲ್ಲ. ಇರುವುದು ಆ ತಗಡಿನ ಒಳಗೆ, ಗೆದ್ದಲಿನ ಎದುರು.

ಹಾಗಾಗಿ ನಿಮ್ಮ ಓದುಗರಲ್ಲಿ ಕೇಳುವುದು ಇಷ್ಟು. ಮೆಷಿನ್ ಕೊಟ್ಟು ಹೊಸತು ಕೊಳ್ಳುವುದಾದರೆ ಕೊಳ್ಳಿ, ಬೇಡ ಅನ್ನುವುದಿಲ್ಲ. ಕೊಡುವ ಮೊದಲು ಪ್ಲಗ್ ಕಿತ್ತು, ಒಂದು ದಿನ ಹಾಗೇ ಬಿಟ್ಟು, ಹಿಂದಿನ ತಗಡಿನ ನಾಲ್ಕಾರು ಸ್ಕ್ರೂ ತೆಗೆಯಿರಿ. ಒಳಗೆ ಕೈ ಹಾಕುವುದು ಬೇಡ. ಹಾಳೆ ಕಂಡರೆ ಫೋಟೋ ತೆಗೆಯಿರಿ, ಜೊತೆಗೆ ಮಾಡೆಲ್ ನಂಬರ್ ಇರುವ ಪಟ್ಟಿಯದ್ದೂ ಒಂದು. ಹತ್ತಿರದ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಿ. ನಮ್ಮೂರಿನ ಗ್ರಂಥಾಲಯದಲ್ಲಿ ನಾನು ಒಂದು ಫೈಲ್ ಇಟ್ಟಿದ್ದೇನೆ, ಈಗ 14 ಹಾಳೆ ಇವೆ. ತಂತಿಯ ಬಣ್ಣಗಳನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದಿದ್ದೇನೆ. ಐಟಿಐ ಹುಡುಗರು ಬಂದರೆ ಕೆಂಪು ಅಂದರೂ ಚುವಪ್ಪ್ ಅಂದರೂ ಗೊತ್ತಾಗಬೇಕಲ್ಲ. ನೀಲಿಗೆ ತೊಂದರೆ ಇಲ್ಲ, ಎರಡರಲ್ಲೂ ಹೆಚ್ಚುಕಮ್ಮಿ ಒಂದೇ.

ಹದಿನಾಲ್ಕನೆಯದು ಆ ಆಟೋದ್ದು. ಅದರ ಕೆಳಗಿನ ಮೂಲೆ ಇಲ್ಲ, ನೀರು ಚೆಲ್ಲುವ ಪಂಪಿನ ತಂತಿಗಳು ಇದ್ದದ್ದು ಅಲ್ಲೇ. ಮೇಲಿನಿಂದ ಬಟ್ಟೆ ಹಾಕುವ, ಬಾದಾಮಿ ಬಣ್ಣದ, ಮೂರು ಗುಂಡಿಯ ಮೆಷಿನ್. ನಡುವಿನ ಗುಂಡಿ ದೊಡ್ಡದು. ಅಂಥದ್ದು ಯಾರ ಮನೆಯಲ್ಲಾದರೂ ಇದ್ದರೆ ಆ ಮೂಲೆಯ ಫೋಟೋ ಒಂದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಸಂಪಾದಕರು ನನಗೆ ತಲುಪಿಸಿಯಾರು ಎಂದು ನಂಬಿದ್ದೇನೆ.

ಇತಿ,
ಒಬ್ಬ ಹಳೇ ವೈಂಡಿಂಗ್ ಕೆಲಸದವ
ನೀರ್ಚಾಲು, ಕಾಸರಗೋಡು ಜಿಲ್ಲೆ